ಇಳಿಜಾರಿನ ಚರಿತ್ರೆ: ವೃಷಭಾವತಿ ದಂಡೆಯ ಡ್ರಮ್ಮುಗಳು

ನಮ್ಮಜ್ಜಿ ಅದನ್ನ ಹೊಳೆ ಅನ್ನುತ್ತಿದ್ದಳು. ಅವ್ವ ಮೋರಿ ಅನ್ನುತ್ತಾಳೆ. ನಗರಪಾಲಿಕೆಯ ಕಡತದಲ್ಲಿ ಅದು ರಾಜಕಾಲುವೆ. ದೇವಸ್ಥಾನದ ಸ್ಥಳಪುರಾಣದಲ್ಲಿ ಬಸವನ ಪಾದದಿಂದ ಹುಟ್ಟಿದ ವೃಷಭಾವತಿ. ಒಂದೇ ನೀರಿಗೆ ನಾಲ್ಕು ಹೆಸರು. ಯಾರು ಎಲ್ಲಿ ನಿಂತು ನೋಡಿದರು ಅನ್ನೋದರ ಮೇಲೆ ಹೆಸರು ಬದಲಾಗಿದೆ.

ಬೆಂಗಳೂರಿನ ಚರಿತ್ರೆ ಅಂದರೆ ಕೆಂಪೇಗೌಡರ ಗೋಪುರ, ಟಿಪ್ಪುವಿನ ಅರಮನೆ, ಕಂಟೋನ್ಮೆಂಟಿನ ದೊರೆಗಳ ಬಂಗಲೆ, ಈಚೆಗೆ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡ. ಇವೆಲ್ಲ ದಿಬ್ಬದ ಮೇಲಿನ ಚರಿತ್ರೆ. ಇಳಿಜಾರಿಗೂ ಒಂದು ಚರಿತ್ರೆ ಇದೆ. ಅದನ್ನ ಬರೆದವರು ಕಡಿಮೆ, ಯಾಕೆಂದರೆ ಇಳಿಜಾರಿನಲ್ಲಿ ಇದ್ದವರಿಗೆ ಅಕ್ಷರ ಬಂದದ್ದೇ ನಿನ್ನೆ ಮೊನ್ನೆ. ಗೋವಿಂದರಾಜನಗರದ ಕಡೆಯಿಂದ ನಾಯಂಡಹಳ್ಳಿಗೆ, ಅಲ್ಲಿಂದ ಕೆಂಗೇರಿ, ಬಿಡದಿ, ಬೈರಮಂಗಲಕ್ಕೆ ಹರಿಯುವ ಈ ನೀರಿನ ದಂಡೆಯಲ್ಲಿ ಯಾರನ್ನ ತಂದು ಇಟ್ಟರು, ಏನನ್ನ ತಂದು ಇಟ್ಟರು ಅನ್ನೋದು ಈ ಬರಹದ ವಿಷಯ.

ಮೊದಲು ನೆಲದ ಮಾತು. ಬೆಂಗಳೂರು ಒಂದು ಏಣಿನ ಮೇಲೆ ಕೂತ ಊರು. ಮೂಡಣಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ ಹೋಗ್ತದೆ. ಪಡುವಣಕ್ಕೆ ಬಿದ್ದದ್ದು ವೃಷಭಾವತಿಗೆ ಇಳಿದು, ಕನಕಪುರದ ದಿಕ್ಕಿನಲ್ಲಿ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿ ಆಗ್ತದೆ. ಮಲ್ಲೇಶ್ವರ, ಬಸವನಗುಡಿಯ ಎತ್ತರದಲ್ಲಿ ಹುಟ್ಟಿದ ಈ ಹೊಳೆ ಮಾಗಡಿ ರಸ್ತೆ, ಮೈಸೂರು ರಸ್ತೆಗಳ ನಡುವಿನ ತಗ್ಗಿನಲ್ಲಿ ಹರಿದು ಬರುತ್ತದೆ. ನಮ್ಮ ಬೀದಿಯ ಬಚ್ಚಲ ನೀರಿಗೂ ಅದೇ ದಾರಿ.

ಹಳ್ಳಿಯ ಕೆರೆಯಲ್ಲಿ ಮೇಲಿನ ಘಟ್ಟ, ಕೆಳಗಿನ ಘಟ್ಟ ಅಂತ ಇರುತ್ತಿತ್ತು. ಮೇಲಿನ ಘಟ್ಟದಲ್ಲಿ ಊರಿನವರು ನೀರು ತುಂಬುತ್ತಾರೆ. ಅವರು ತುಂಬಿ, ತೊಳೆದು, ಎಮ್ಮೆ ಮೈ ಉಜ್ಜಿ ಬಿಟ್ಟ ನೀರು ಕೆಳಗಿನ ಘಟ್ಟದಲ್ಲಿ ಕೇರಿಯವರಿಗೆ. ಮುಟ್ಟಿದರೆ ಮೈಲಿಗೆ ಅಂದವರೇ ಮೈಲಿಗೆ ಮಾಡಿದ ನೀರನ್ನ ನಮಗೆ ಕುಡಿಸಿದ್ದು. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿ ಕುಡಿದಾಗ ಮುರಿದದ್ದು ಈ ಘಟ್ಟದ ಕಟ್ಟಳೆಯನ್ನ. ಪಟ್ಟಣದಲ್ಲಿ ಘಟ್ಟ ಕಾಣೋದಿಲ್ಲ, ನಲ್ಲಿ ಇದೆಯಲ್ಲ ಅಂತಾರೆ. ಆದರೆ ಕಟ್ಟಳೆ ಹೋಗಿಲ್ಲ, ಹರವು ದೊಡ್ಡದಾಗಿದೆ. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ನೂರು ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಏರಿ ಬಂತು. ನಗರ ಕಾವೇರಿಯನ್ನ ಮೇಲೆ ತೊರೆಕಾಡನಹಳ್ಳಿಯಲ್ಲಿ ಎತ್ತಿಕೊಳ್ತದೆ. ಪಡುವಣ ಬೆಂಗಳೂರು ಅದನ್ನ ಕುಡಿದು, ತೊಳೆದು, ವೃಷಭಾವತಿಗೆ ಬಿಟ್ಟು, ಅರ್ಕಾವತಿಯ ಮೂಲಕ ಸಂಗಮದಲ್ಲಿ ಕೆಳಗೆ ಅದೇ ಕಾವೇರಿಗೆ ಸೇರಿಸ್ತದೆ. ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಸಣ್ಣಗಾಗುತ್ತಿದ್ದ ಹೊಳೆ ವರ್ಷವಿಡೀ ಹರಿಯೋದಕ್ಕೆ ಶುರುವಾದದ್ದು ಹೀಗೆ. ಹರಿಯೋದು ಹೊಳೆಯ ನೀರಲ್ಲ, ನಗರ ಕುಡಿದು ಬಿಟ್ಟ ನೀರು.

ಇನ್ನು ಈ ಇಳಿಜಾರಿಗೆ ಬಂದವರು ಯಾರು ಅಂತ ನೋಡೋಣ. 1884ರಲ್ಲಿ ಹುಟ್ಟಿ ಎರಡು ವರ್ಷದಲ್ಲೇ ಬಿನ್ನಿ ಕಂಪನಿಯ ಕೈಗೆ ಹೋದ ಬಟ್ಟೆ ಗಿರಣಿ ಈ ತಗ್ಗಿನ ತಲೆಯಲ್ಲೇ ಎದ್ದಿತು. 1880ರ ದಶಕದ ಆರಂಭದಲ್ಲೇ ಮೈಸೂರಿನ ರೈಲು ಹಳಿ ಇದೇ ಕಣಿವೆ ಹಿಡಿದು ನಾಯಂಡಹಳ್ಳಿ, ಕೆಂಗೇರಿ, ಬಿಡದಿ ದಾಟಿ ಹೋಗಿತ್ತು. ಬೆಂಗಳೂರಿಗೆ ಶಿವನಸಮುದ್ರದ ಕರೆಂಟು ಬಂದದ್ದು 1905ರಲ್ಲಿ. ಅಲ್ಲಿಯತನಕ ಗಿರಣಿ ಅಂದರೆ ಉಗಿ, ಉಗಿ ಅಂದರೆ ಬಾಯ್ಲರು, ಬಾಯ್ಲರು ಅಂದರೆ ಸೌದೆ, ಕಲ್ಲಿದ್ದಲು. ಉರುವಲು ಇಳಿಸೋದಕ್ಕೆ, ರಾಶಿ ಹಾಕೋದಕ್ಕೆ, ಬೂದಿ ಚೆಲ್ಲೋದಕ್ಕೆ ಜಾಗ ಬೇಕು, ತೊಳೆದ ಬಣ್ಣದ ನೀರು ಬಿಡೋದಕ್ಕೆ ತಗ್ಗು ಬೇಕು. ಎರಡೂ ಇಲ್ಲಿ ಸಿಕ್ಕಿದವು. ಆಮೇಲೆ ಮಾಗಡಿ ರಸ್ತೆಯ ಕಡೆಗೇ ಕುಷ್ಠರೋಗದ ಆಸ್ಪತ್ರೆ ಬಂತು, ಭಿಕ್ಷುಕರ ಕಾಲೋನಿ ಬಂತು. ಅದರ ಹೆಸರು ನಿರಾಶ್ರಿತರ ಪರಿಹಾರ ಕೇಂದ್ರ ಅಂತ ಬದಲಾಯಿತು. 2010ರ ಆಗಸ್ಟಿನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಹತ್ತಾರು ಜನ ಸತ್ತು ಪತ್ರಿಕೆಗಳಲ್ಲಿ ಸುದ್ದಿಯಾದಾಗ, ಅಂಥದೊಂದು ಜಾಗ ಇದೆ ಅಂತ ಎಷ್ಟೋ ಬೆಂಗಳೂರಿನವರಿಗೆ ಮೊದಲ ಸಲ ಗೊತ್ತಾಯಿತು. ಸುಮನಹಳ್ಳಿಯಲ್ಲಿ ಕುಷ್ಠರೋಗಿಗಳ ಪುನರ್ವಸತಿ, ಅಲ್ಲೇ ವಿದ್ಯುತ್ ಚಿತಾಗಾರ. ಕೆಳಗೆ ಮೈಸೂರು ರಸ್ತೆಯಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕ.

1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿತ್ತು. ಅಂದಿನ ಗವರ್ನರ್ ಜನರಲ್ ರಾಜಾಜಿಯವರ ಹೆಸರಿಟ್ಟು ಕೈಗಾರಿಕೆಯ ಉಪನಗರ ಅಂತ ಕಟ್ಟಿದರು. ಅದರ ಬೆನ್ನಿಗೆ ಕಾಮಾಕ್ಷಿಪಾಳ್ಯದಲ್ಲಿ ಲೇತು, ಮಿಲ್ಲಿಂಗು, ಗಿಲೀಟು, ಪೇಂಟಿಂಗಿನ ಸಣ್ಣ ಶೆಡ್ಡುಗಳು ಎದ್ದವು. ದೊಡ್ಡ ಕಾರ್ಖಾನೆಗೆ ಬೇಕಾದ ಸಣ್ಣ ಬಿಡಿಭಾಗ ಮಾಡಿಕೊಡೋದು ಈ ಶೆಡ್ಡುಗಳ ಕೆಲಸ. ಮಾಗಡಿ, ಕುಣಿಗಲ್, ರಾಮನಗರ, ಮಂಡ್ಯದ ಕಡೆಯಿಂದ ಜೀತ ಬಿಟ್ಟು, ಬರಕ್ಕೆ ಹೆದರಿ ಬಂದವರು ಈ ಶೆಡ್ಡುಗಳಲ್ಲಿ ನಿಂತರು. ಅವರಲ್ಲಿ ನಮ್ಮವರು ಇದ್ದರು, ಸಾಬರು ಇದ್ದರು, ತಮಿಳು ಮಾತಾಡುವ ಬಡವರು ಇದ್ದರು. ಬಾಡಿಗೆ ಕಡಿಮೆ ಇದ್ದದ್ದು ತಗ್ಗಿನಲ್ಲಿ, ಮೋರಿಯ ಪಕ್ಕದಲ್ಲಿ. ಗೋದಾಮಿನ ಬಾಡಿಗೆಯೂ ಕಡಿಮೆ ಇದ್ದದ್ದು ಅಲ್ಲೇ. ಹೀಗೆ ಬಡವರ ಮನೆಯೂ ಎಣ್ಣೆಯ ಡ್ರಮ್ಮೂ ಒಂದೇ ಗೋಡೆ ಹಂಚಿಕೊಂಡವು. ಇದನ್ನ ಆಕಸ್ಮಿಕ ಅಂತ ಯಾರಾದರೂ ಅಂದರೆ ನಾನು ಒಪ್ಪೋದಿಲ್ಲ. ಊರಿನ ಹೊರಗೆ, ಗಾಳಿ ಕೆಳಗೆ, ನೀರಿನ ಕೆಳಗೆ ಹೊಲಗೇರಿ ಇಟ್ಟ ಲೆಕ್ಕವೇ ಪಟ್ಟಣದಲ್ಲಿ ಚದರಡಿಯ ಬೆಲೆಯಾಗಿ ಬಂದಿದೆ.

ಈಗ ಡ್ರಮ್ಮಿನ ಮಾತು. ನಗರದ ಪೆಟ್ರೋಲು, ಡೀಸೆಲ್ಲಿನ ದೊಡ್ಡ ಡಿಪೋಗಳು ಇವತ್ತು ಹೊಸಕೋಟೆಯ ಕಡೆ ದೇವನಗೊಂದಿಯಲ್ಲಿವೆ. ಅವುಗಳ ಸುತ್ತ ಕಾಂಪೌಂಡು, ಟ್ಯಾಂಕಿನ ಸುತ್ತ ಸೋರಿದ್ದನ್ನ ಹಿಡಿಯುವ ಕಟ್ಟೆ, ಲೈಸೆನ್ಸು, ಪಹರೆ ಇರುತ್ತವೆ. ಇಷ್ಟು ಇದ್ದೂ 2009ರ ಅಕ್ಟೋಬರ್ 29ರಂದು ಜೈಪುರದ ತೈಲ ಡಿಪೋ ಹೊತ್ತಿಕೊಂಡು ದಿನಗಟ್ಟಲೆ ಉರಿಯಿತು, ಜನ ಸತ್ತರು. ನಮ್ಮ ಗಲ್ಲಿಯ ಗೋದಾಮಿಗೆ ಅದೂ ಇಲ್ಲ. ಹೊರಗೆ ರೋಲಿಂಗ್ ಶಟರು, ಒಳಗೆ 200 ಲೀಟರಿನ ಡ್ರಮ್ಮುಗಳ ಸಾಲು. ಥಿನ್ನರು, ಟಾಲ್ವಿನ್, ಸ್ಪಿರಿಟ್ಟು, ಸುಟ್ಟ ಇಂಜಿನ್ ಆಯಿಲ್ಲು, ಜನರೇಟರಿನ ಡೀಸೆಲ್ಲು. ಕಾನೂನು ಏನು ಹೇಳ್ತದೆ ನೋಡಿ. 1934ರ ಪೆಟ್ರೋಲಿಯಂ ಕಾಯ್ದೆ ಬ್ರಿಟಿಷರ ಕಾಲದ್ದು, ಈಗಲೂ ಅದೇ. ಅದರ ಪ್ರಕಾರ ಎರಡನೇ ದರ್ಜೆಯ ಎಣ್ಣೆಯನ್ನ, ಅಂದರೆ ಸೀಮೆಎಣ್ಣೆಯಂಥದ್ದನ್ನ, ಒಂದು ಸಾವಿರ ಲೀಟರಿಗೆ ಮೀರದ ಪಾತ್ರೆಗಳಲ್ಲಿ ಒಟ್ಟು 2,500 ಲೀಟರಿನವರೆಗೆ ಇಟ್ಟುಕೊಳ್ಳೋದಕ್ಕೆ ಲೈಸೆನ್ಸೇ ಬೇಡ. 2,500 ಲೀಟರು ಅಂದರೆ ಹನ್ನೆರಡು ಡ್ರಮ್ಮು, ಮೇಲೊಂದು ಅರ್ಧ. ಒಂದು ಗಲ್ಲಿಯಲ್ಲಿ ಐದು ಗೋದಾಮು ಹೀಗೇ ಇದ್ದರೆ ಅರವತ್ತು ಡ್ರಮ್ಮು ದಾಟ್ತದೆ, ಒಂದಕ್ಕೂ ಲೈಸೆನ್ಸಿನ ಹಂಗಿಲ್ಲ. ಪೆಟ್ರೋಲಿನಂಥ ಮೊದಲ ದರ್ಜೆಯದಕ್ಕೆ ಕಟ್ಟು ಬಿಗಿ, ಬರೀ 30 ಲೀಟರು. ಆದರೆ ಶಟರು ಎತ್ತಿ ಅಳತೆ ಮಾಡುವವರು ಯಾರು?

ಥಿನ್ನರು ಯಾಕೆ ಸೀಮೆಎಣ್ಣೆಗಿಂತ ಅಪಾಯ ಅನ್ನೋದನ್ನ ಹಳ್ಳಿ ಶಾಲೆಯ ಮೇಷ್ಟರು ಮಕ್ಕಳಿಗೆ ಹೇಳಿಕೊಡಬೇಕು. ಎಣ್ಣೆ ತಾನಾಗಿ ಉರಿಯೋದಿಲ್ಲ, ಅದರ ಆವಿ ಉರಿಯುತ್ತದೆ. ಕಿಡಿ ತಾಕಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳೋದಕ್ಕೆ ಒಂದೊಂದು ಎಣ್ಣೆಗೆ ಒಂದೊಂದು ಉಷ್ಣತೆ ಬೇಕು. ಸೀಮೆಎಣ್ಣೆಗೆ ಸುಮಾರು 38 ಡಿಗ್ರಿ. ಥಿನ್ನರಿನಲ್ಲಿ ಇರುವ ಟಾಲ್ವಿನ್‌ಗೆ ಬರೀ 4 ಡಿಗ್ರಿ. ಸ್ಯಾನಿಟೈಸರಿಗೆ ಹಾಕುವ ಐಸೋಪ್ರೊಪೈಲ್ ಆಲ್ಕೋಹಾಲಿಗೆ 12 ಡಿಗ್ರಿ. ಬೆಂಗಳೂರಿನ ಮಾಗಿ ಚಳಿಯ ಮಧ್ಯಾಹ್ನದಲ್ಲೂ ಗೋದಾಮಿನ ಗಾಳಿ ಅದಕ್ಕಿಂತ ಬೆಚ್ಚಗೇ ಇರುತ್ತದೆ. ಅಂದರೆ ಮುಚ್ಚಳ ತೆಗೆದ ಡ್ರಮ್ಮು ವರ್ಷದ ಎಲ್ಲ ದಿನವೂ ಹೊತ್ತಿಕೊಳ್ಳೋದಕ್ಕೆ ತಯಾರಾಗಿ ಕೂತಿದೆ. ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗೋದಿಲ್ಲ, ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ, ಮೋರಿಗೆ ಇಳಿಯುತ್ತದೆ, ಪಕ್ಕದ ಮನೆಯ ಒಲೆ ಹುಡುಕುತ್ತದೆ.

2020ರ ನವೆಂಬರ್ 10. ಕೊರೊನಾದ ವರ್ಷ. ಊರೆಲ್ಲ ಸ್ಯಾನಿಟೈಸರು ಬೇಕು ಅಂತ ಕೂಗುತ್ತಿದ್ದ ಕಾಲ. ಮೈಸೂರು ರಸ್ತೆಯ ಪಕ್ಕ, ಬಾಪೂಜಿನಗರಕ್ಕೆ ಹೊಂದಿಕೊಂಡ ಹೊಸಗುಡ್ಡದಹಳ್ಳಿಯಲ್ಲಿ ಮನೆಗಳ ನಡುವೆ ಇದ್ದ ಒಂದು ರಾಸಾಯನಿಕ ಗೋದಾಮು ಹೊತ್ತಿಕೊಂಡಿತು. ಡ್ರಮ್ಮುಗಳು ಒಂದಾದ ಮೇಲೊಂದು ಸಿಡಿದವು. ಕರಿ ಹೊಗೆ ಕಿಲೋಮೀಟರುಗಟ್ಟಲೆ ದೂರಕ್ಕೆ ಕಂಡಿತು. ಅಗ್ನಿಶಾಮಕದವರು ಗಂಟೆಗಟ್ಟಲೆ ಹೆಣಗಿದರು. ಅಕ್ಕಪಕ್ಕದ ಮನೆ, ನಿಂತ ಗಾಡಿ ಸುಟ್ಟವು. ಮಾಲೀಕರ ಮೇಲೆ ಕೇಸಾಯಿತು. ಹಗಲು ಹೊತ್ತು ಹತ್ತಿಕೊಂಡಿತು, ಜನ ಓಡಿದರು. ಮಧ್ಯರಾತ್ರಿ ಆಗಿದ್ದರೆ ಮಾತೇ ಬೇರೆ.

ಹೊಗೆ ಇಳಿದ ಮೇಲೆ ಟಿ.ವಿ.ಯವರು ಹೋದರು, ಆದರೆ ಅಲ್ಲಿಂದ ಇನ್ನೊಂದು ಪ್ರಶ್ನೆ ಶುರುವಾಗಬೇಕಿತ್ತು. ಬೆಂಕಿ ಆರಿಸೋದಕ್ಕೆ ಹೊಡೆದ ನೀರು ಡ್ರಮ್ಮಿನಿಂದ ಚೆಲ್ಲಿದ್ದನ್ನೂ ಸೇರಿಸಿಕೊಂಡು ಎಲ್ಲಿಗೆ ಹೋಯಿತು? ಇಳಿಜಾರಿನಲ್ಲಿ ನೀರಿಗೆ ಒಂದೇ ದಾರಿ.

ಇದೇ ಪ್ರಶ್ನೆ ಸ್ವಿಟ್ಜರ್ಲೆಂಡಿನಲ್ಲಿ ಎದ್ದಿತ್ತು. 1986ರ ನವೆಂಬರ್ 1ರಂದು ಬಾಸೆಲ್ ನಗರದ ಹತ್ತಿರ ಸ್ಯಾಂಡೋಜ್ ಕಂಪನಿಯ ಗೋದಾಮು ಸುಟ್ಟಿತು. ಬೆಂಕಿಗೆ ಹೊಡೆದ ನೀರು ಅಲ್ಲಿದ್ದ ಕೀಟನಾಶಕಗಳನ್ನ ರೈನ್ ನದಿಗೆ ತೊಳೆದುಕೊಂಡು ಹೋಯಿತು. ನದಿ ಕೆಂಪಾಯಿತು. ನೂರಾರು ಕಿಲೋಮೀಟರು ಕೆಳಗಿನವರೆಗೆ ಮೀನು ಸತ್ತು ತೇಲಿದವು. ಕೆಳಗಿನ ದೇಶಗಳ ಜನ ಬೀದಿಗಿಳಿದರು. ಮಾರನೇ ವರ್ಷವೇ ದಂಡೆಯ ದೇಶಗಳು ಕೂತು ನದಿ ಉಳಿಸುವ ಕಾರ್ಯಕ್ರಮ ಒಪ್ಪಿಕೊಂಡವು. ರೈನ್ ಕೆಂಪಾದದ್ದು ಕಂಡಿತು, ಯಾಕೆಂದರೆ ಅದಕ್ಕೊಂದು ಬಣ್ಣ ಇತ್ತು. ನಮ್ಮ ವೃಷಭಾವತಿ ಮೊದಲೇ ಕಪ್ಪು. ಅದರಲ್ಲಿ ಸಾಯೋದಕ್ಕೆ ಮೀನೂ ಉಳಿದಿಲ್ಲ. ಹೊಸ ವಿಷ ಬಿದ್ದರೆ ಗುರುತು ಹೇಳುವ ಸಾಕ್ಷಿಯೇ ಇಲ್ಲ. ಮೊದಲೇ ಕೆಟ್ಟ ನೀರು ಅಂತ ಹಣೆಪಟ್ಟಿ ಹಚ್ಚಿದ ಮೇಲೆ ಇನ್ನಷ್ಟು ಕೆಡಿಸೋದಕ್ಕೆ ಯಾರಿಗೂ ಅಂಜಿಕೆ ಇರೋದಿಲ್ಲ. ಈ ಹಣೆಪಟ್ಟಿಯ ಮಹಿಮೆ ನಮಗೆ ಗೊತ್ತಿಲ್ಲದ್ದಲ್ಲ.

ಮೋರಿಯೊಳಗಿನ ಆವಿ ಏನು ಮಾಡಬಲ್ಲದು ಅನ್ನೋದಕ್ಕೆ ಮೆಕ್ಸಿಕೋದ ಗ್ವಾದಲಹಾರ ಸಾಕ್ಷಿ. ಅಲ್ಲಿ ಪೆಟ್ರೋಲಿನ ಕೊಳವೆಯ ಮೇಲೆ ನೀರಿನ ಕೊಳವೆ ಹಾಯಿಸಿದ್ದರು. ಎರಡು ಲೋಹ ಒಂದಕ್ಕೊಂದು ತಾಗಿ ಪೆಟ್ರೋಲಿನ ಕೊಳವೆ ತುಕ್ಕು ಹಿಡಿದು ತೂತಾಯಿತು. ಸೋರಿದ್ದು ಒಳಚರಂಡಿಗೆ ಇಳಿಯಿತು. ಬೀದಿಯ ಜನ ವಾಸನೆ ಬರುತ್ತಿದೆ ಅಂತ ದೂರು ಕೊಟ್ಟರು. 1992ರ ಏಪ್ರಿಲ್ 22ರಂದು ಕಿಲೋಮೀಟರುಗಟ್ಟಲೆ ರಸ್ತೆ ಸಿಡಿದು ಬಾಯಿ ಬಿಟ್ಟಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅದೂ ದುಡಿಯುವವರ ಕೇರಿಯೇ.

ಮೋರಿ ಅಂದ ಕೂಡಲೆ ನಮಗೆ ಇನ್ನೊಂದು ಸಂಗತಿ ನೆನಪಾಗಬೇಕು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನ ನಿಲ್ಲಿಸಿದರು. ಅದೇ ಬಸವಲಿಂಗಪ್ಪನವರನ್ನ 1973ರಲ್ಲಿ ಬೂಸಾ ಅಂದ ಒಂದು ಮಾತಿಗೆ ಮೇಲ್ಜಾತಿಯವರು ಕುರ್ಚಿಯಿಂದ ಇಳಿಸಿದ್ದು ಓದುಗರಿಗೆ ಗೊತ್ತು. ಹೊರೆ ತಲೆಯಿಂದ ಇಳಿಯಿತು, ಅದು ದೊಡ್ಡದು. ಆದರೆ ಆ ಹೊರೆಯನ್ನ ನಗರ ಕೊಳವೆಗೆ ಹಾಕಿತು, ಕೊಳವೆಯನ್ನ ಹೊಳೆಗೆ ತಿರುಗಿಸಿತು, ಕೊಳವೆ ಕಟ್ಟಿಕೊಂಡಾಗ ಮತ್ತೆ ನಮ್ಮವರನ್ನೇ ಮ್ಯಾನ್‌ಹೋಲಿಗೆ ಇಳಿಸಿತು. 1993ರಲ್ಲೊಂದು ಕಾಯ್ದೆ, 2013ರಲ್ಲೊಂದು ಕಾಯ್ದೆ. ಸತ್ತವರ ಮನೆಗೆ ಹತ್ತು ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನ ಮೂವತ್ತು ಲಕ್ಷ ಮಾಡಿತು. ಮ್ಯಾನ್‌ಹೋಲಿನಲ್ಲಿ ಕೊಳೆತದ್ದರ ವಿಷಗಾಳಿ ಒಂದೇ ಇದ್ದರೂ ಸಾವು ಖಾತ್ರಿ. ಅದರ ಜೊತೆಗೆ ಯಾವನೋ ರಾತ್ರಿ ಹೊತ್ತು ಸುರಿದ ಥಿನ್ನರಿನ ಆವಿಯೂ ಸೇರಿದರೆ? ಕೆಳಗೆ ಇಳಿಯುವವನಿಗೆ ಅದನ್ನ ಹೇಳುವವರು ಯಾರೂ ಇಲ್ಲ.

ಹಳೇ ಗೋದಾಮು ಖಾಲಿಯಾದರೂ ಕಥೆ ಮುಗಿಯೋದಿಲ್ಲ. ಡ್ರಮ್ಮು ಸೋರಿದ ನೆಲ, ಬಂಕು ಎತ್ತಿ ಹೋದ ಮೇಲೆ ಒಳಗೆ ಉಳಿದ ಕಬ್ಬಿಣದ ಟ್ಯಾಂಕು, ಇವು ವರ್ಷಗಟ್ಟಲೆ ಮಣ್ಣಿನಲ್ಲಿ ಕೆಲಸ ಮಾಡುತ್ತಲೇ ಇರುತ್ತವೆ. ಎಣ್ಣೆ ಮಣ್ಣಿನಲ್ಲಿ ಇಳಿದು ಅಂತರ್ಜಲದ ಮೇಲೆ ತೇಲುತ್ತದೆ. ಅದರಲ್ಲಿರುವ ಬೆಂಜೀನಿನಂಥದ್ದು ನೀರಿನಲ್ಲಿ ಕರಗಿ ನೀರಿನ ಜೊತೆ ಸಾಗುತ್ತದೆ. ಬೆಂಜೀನು ರಕ್ತದ ಕ್ಯಾನ್ಸರ್ ತರುವ ವಸ್ತು. ಒಂದು ಲೀಟರು ಕುಡಿಯುವ ನೀರಿನಲ್ಲಿ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಾಲಿಗೆಗೆ ಅದರ ರುಚಿ ಗೊತ್ತಾಗೋದಿಲ್ಲ. ಬೆಂಗಳೂರಿನ ತಳಬಂಡೆ ಬಿರುಕು ಬಿಟ್ಟ ಕಲ್ಲು. ಆ ಬಿರುಕಿನಲ್ಲಿ ಇಳಿದದ್ದು ಯಾವ ಬೋರ್‌ವೆಲ್ಲಿನಲ್ಲಿ ಏಳುತ್ತದೆ ಅಂತ ಮೇಲಿಂದ ನೋಡಿ ಹೇಳೋದಕ್ಕಾಗೋದಿಲ್ಲ. ಹೊಸ ಪೆಟ್ರೋಲ್ ಬಂಕು ಶಾಲೆ, ಆಸ್ಪತ್ರೆ, ಮನೆಗಳಿಂದ 50 ಮೀಟರು ದೂರ ಇರಬೇಕು, ಜಾಗವೇ ಇಲ್ಲದಿದ್ದರೂ 30 ಮೀಟರಿಗೆ ಕಡಿಮೆ ಇರಬಾರದು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೇಳಿತು. ಹೊಸದಕ್ಕೆ ಸರಿ. ಹಳೆಯದರ ಕೆಳಗಿನ ಮಣ್ಣಿನ ಗತಿ ಏನು? ಗಿರಣಿ ಮುಚ್ಚಿ ಅಪಾರ್ಟ್‌ಮೆಂಟು ಎದ್ದಿತು, ಮಾಲು ಎದ್ದಿತು. ಶೆಡ್ಡು ಒಡೆದು ಮೂರಂತಸ್ತಿನ ಬಾಡಿಗೆ ಮನೆ ಎದ್ದವು. ಅಡಿಯ ಮಣ್ಣಿಗೆ ಮಾತ್ರ ಯಾರೂ ಹೆಸರು ಕೇಳಲಿಲ್ಲ.

ಡ್ರಮ್ಮಿನ ಸವಾರಿ ನಮ್ಮ ಮನೆಯೊಳಗೂ ಬಂದಿದೆ. ಕಾವೇರಿ ನೀರು ದಿನಾ ಬರೋದಿಲ್ಲ, ಹಿಡಿದಿಡೋದಕ್ಕೆ ಡ್ರಮ್ಮು ಬೇಕು. ಹೊಸ ಡ್ರಮ್ಮಿಗೆ ದುಡ್ಡಿಲ್ಲ. ಗುಜರಿಯವನು ರಾಸಾಯನಿಕದ ಹಳೇ ಡ್ರಮ್ಮು ತಂದು, ಸೋಡ ಹಾಕಿ ತೊಳೆದು, ಬಿಸಿಲಿಗೆ ಒಣಗಿಸಿ ಮಾರುತ್ತಾನೆ. ತೊಳೆದ ನೀರು ಹೊಳೆಗೆ, ತೊಳೆದ ಡ್ರಮ್ಮು ಅಡಿಗೆಮನೆಗೆ. ನಮ್ಮ ಮನೆಯಲ್ಲೂ ಅಂಥದ್ದೊಂದು ನೀಲಿ ಡ್ರಮ್ಮು ಇತ್ತು. ಮೊದಲ ಕೆಲವು ದಿನ ನೀರು ಒಂಥರಾ ವಾಸನೆ ಬರುತ್ತದೆ, ಆಮೇಲೆ ಹೋಗುತ್ತದೆ ಅಂತ ಅವ್ವ ಹೇಳುತ್ತಿದ್ದಳು. ವಾಸನೆ ಹೋಯಿತೋ, ನಮ್ಮ ಮೂಗಿಗೆ ಅಭ್ಯಾಸ ಆಯಿತೋ, ಇವತ್ತಿಗೂ ನನಗೆ ಹೇಳೋದಕ್ಕಾಗೋದಿಲ್ಲ.

ಇಷ್ಟು ನಮ್ಮ ದಂಡೆಯ ಪಾಡು. ಕೆಳಗೆ ಬೈರಮಂಗಲದ ಪಾಡು ಇದಕ್ಕಿಂತ ಹೆಚ್ಚಿನದು. 1940ರ ದಶಕದಲ್ಲಿ ವೃಷಭಾವತಿಗೆ ಅಡ್ಡ ಕಟ್ಟಿ ಬೈರಮಂಗಲದ ಕೆರೆ ಮಾಡಿದ್ದು ಆ ಸುತ್ತಿನ ಹಳ್ಳಿಗಳ ಗದ್ದೆಗೆ ನೀರು ಕೊಡೋದಕ್ಕೆ. ಆ ನೀರಲ್ಲಿ ಭತ್ತ, ಕಬ್ಬು ಬೆಳೆದರು. ನಗರದ ಕೊಳಚೆ, ಕುಂಬಳಗೋಡು, ಬಿಡದಿಯ ಕೈಗಾರಿಕೆಗಳ ನೀರು ಸೇರುತ್ತಾ ಬಂದ ಹಾಗೆ ಭತ್ತ ಕೈಬಿಟ್ಟಿತು. ಈಗ ಹುಲ್ಲು, ಹಿಪ್ಪುನೇರಳೆ, ಬೇಬಿಕಾರ್ನು, ತೆಂಗು. ಮಳೆ ಬಿದ್ದಾಗ ಕೋಡಿಯಲ್ಲಿ ಬಿಳಿ ನೊರೆ ಏಳುತ್ತದೆ. ನಗರದ ಶುದ್ಧೀಕರಣ ಘಟಕ ಕೆಲಸ ಮಾಡೋದು ಕೊಳಚೆ ತಿನ್ನುವ ಸೂಕ್ಷ್ಮಜೀವಿಗಳಿಂದ. ಥಿನ್ನರು, ಗಿಲೀಟಿನ ಆಸಿಡ್ಡು ಆ ಜೀವಿಗಳನ್ನೇ ಕೊಲ್ಲುತ್ತವೆ. ಆ ಹುಲ್ಲು ತಿಂದ ಹಸುವಿನ ಹಾಲು ಡೇರಿಯ ಕ್ಯಾನಿನಲ್ಲಿ ನಗರಕ್ಕೇ ಬರುತ್ತದೆ. ದಿಬ್ಬದ ಮೇಲಿನವರು ಇಳಿಜಾರಿಗೆ ಬಿಟ್ಟದ್ದು ಬೆಳಗಿನ ಕಾಫಿಯಲ್ಲಿ ತಿರುಗಿ ಬಂದಿರುತ್ತದೆ.

ಇಲ್ಲಿ ಒಂದು ಕಷ್ಟದ ಮಾತನ್ನ ನಮ್ಮೊಳಗೆ ನಾವೇ ಆಡಿಕೊಳ್ಳಬೇಕು, ಗೆಳೆಯರೆ. ಗೋದಾಮು ಮುಚ್ಚಿ ಅಂತ ನಾವು ಕೂಗಿದರೆ, ಬೀಗ ಬೀಳೋ ದಿನ ಕೂಲಿ ಕಳಕೊಳ್ಳೋದು ಅಲ್ಲಿ ಡ್ರಮ್ಮು ಉರುಳಿಸುವ ನಮ್ಮ ಹುಡುಗನೇ. ಮಾಲೀಕ ಬೇರೆ ಗಲ್ಲಿಯಲ್ಲಿ ಇನ್ನೊಂದು ಶಟರು ಎತ್ತುತ್ತಾನೆ. ನದಿ ಉಳಿಸಿ ಅಂತ ಕೂಗಿದರೆ, ಒತ್ತುವರಿ ತೆರವು ಅಂತ ಜೆಸಿಬಿ ಬರುತ್ತದೆ. ಅದು ಮೊದಲು ಬರೋದು ಸ್ಲಮ್ಮಿಗೆ, ಹೊಳೆಗೆ ಬಣ್ಣದ ನೀರು ಬಿಡುವವನ ಗೇಟಿಗೆ ಬರೋದಿಲ್ಲ. ಪರಿಸರ ಅಂತ ಮಾತಾಡುವ ಎಷ್ಟೋ ಸಜ್ಜನರಿಗೆ ನದಿಯ ದಂಡೆಯಲ್ಲಿ ವಾಕಿಂಗ್ ಪಾತು, ಹೂವಿನ ಗಿಡ ಬೇಕು. ದಂಡೆಯಲ್ಲಿ ಇದ್ದ ಜನ ಎಲ್ಲಿ ಹೋದರು ಅನ್ನೋದು ಬೇಡ. ಆದ್ದರಿಂದಲೇ ನಮ್ಮಲ್ಲಿ ಕೆಲವರು ಈ ಪರಿಸರದ ಮಾತೇ ನಮ್ಮದಲ್ಲ ಅಂತಾರೆ. ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ಮಹಾಡದಲ್ಲಿ ನಡೆದದ್ದು ನೀರಿನ ಹೋರಾಟ. ನೀರು ನಮ್ಮದಲ್ಲದಿದ್ದರೆ ಇನ್ನು ಯಾರದ್ದು?

ಹಾಗಾಗಿ ನಾವು ಕೇಳಬೇಕಾದ್ದನ್ನ ನಾವೇ ಬರೆದುಕೊಳ್ಳೋಣ. ಈ ಕಣಿವೆಯಲ್ಲಿ ಇದ್ದ, ಇರುವ ಎಣ್ಣೆ, ರಾಸಾಯನಿಕದ ಗೋದಾಮು, ಹಳೇ ಬಂಕು, ಹೂತ ಟ್ಯಾಂಕುಗಳ ಪಟ್ಟಿಯನ್ನ ವಾರ್ಡಿನ ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಬೇಕು. ಬೆಂಕಿ ಬಿದ್ದ ಜಾಗದ ಮಣ್ಣನ್ನೂ ಸುತ್ತಲ ಬೋರ್‌ವೆಲ್ಲಿನ ನೀರನ್ನೂ ಪರೀಕ್ಷೆ ಮಾಡಿ ಫಲಿತಾಂಶವನ್ನ ಬೀದಿಯ ಜನರಿಗೆ ಓದಿ ಹೇಳಬೇಕು. ಡ್ರಮ್ಮುಗಳನ್ನ ಮನೆಗಳ ನಡುವಿನಿಂದ ಎತ್ತುವಾಗ ಕೆಲಸಗಾರನ ಕೂಲಿಗೂ ಊರು ಕಟ್ಟಬೇಕು, ಅದರ ಖರ್ಚು ಮಾಲೀಕನದು. ದಂಡೆಯ ಜನರನ್ನ ಎಬ್ಬಿಸುವ ಮೊದಲು ದಂಡೆಗೆ ವಿಷ ಬಿಟ್ಟವರನ್ನ ಎಬ್ಬಿಸಬೇಕು. ಬೈರಮಂಗಲದ ರೈತರು ಕೂಗಿದಾಗ ಗೋವಿಂದರಾಜನಗರದ ನಾವು, ಹೊಸಗುಡ್ಡದಹಳ್ಳಿ ಸುಟ್ಟಾಗ ಬೈರಮಂಗಲದ ಅವರು, ಒಂದೇ ಜಾಗದಲ್ಲಿ ನಿಂತಿರಬೇಕು.

ಇದಕ್ಕೆ ಮೊದಲು ಬೇಕಾದ್ದು ಲೆಕ್ಕ. ಮೇಷ್ಟರುಗಳು ಮಕ್ಕಳನ್ನ ಕರಕೊಂಡು ತಮ್ಮ ಊರ ಹಳ್ಳದ ದಂಡೆಯಲ್ಲಿ ನಡೆಯಲಿ. ಯಾವ ಕೊಳವೆ ಎಲ್ಲಿ ಬಾಯಿ ಬಿಟ್ಟಿದೆ, ಯಾವ ಶೆಡ್ಡಿನಲ್ಲಿ ಏನಿತ್ತು ಅಂತ ಮುದುಕರನ್ನ ಕೇಳಿ ಬರೆಸಲಿ. ಕಾಲೇಜಿನ ಹುಡುಗರು ಜ್ಞಾನಭಾರತಿಗೆ ಬಸ್ಸಿನಲ್ಲಿ ಹೋಗುವಾಗ ಮೂಗಿಗೆ ಕರ್ಚೀಫು ಹಿಡಿಯೋದನ್ನ ಬಿಟ್ಟು ಒಂದು ದಿನ ಇಳಿದು ನೋಡಲಿ. ಬಸವನಗುಡಿಯಿಂದ ಬೈರಮಂಗಲದತನಕ ಆ ಪಟ್ಟಿ ಸೇರಿದ ದಿನ ಇಳಿಜಾರಿನ ಚರಿತ್ರೆಯ ಮೊದಲ ಪುಸ್ತಕ ಆಗುತ್ತದೆ. ಅದಕ್ಕೆ ನಮ್ಮಜ್ಜಿ ಹೇಳುತ್ತಿದ್ದ ಹೆಸರನ್ನೇ ಇಡೋಣ: ಹೊಳೆ.